ಮೊದಲ ಡಿಎಸ್‌ಎಲ್‌ಆರ್: 1500ಡಿ, 200ಡಿ 2, ಡಿ3500, ಡಿ5600. 18-55 ಕಿಟ್ ಸಮೇತ ಯಾವುದು ವಾಸಿ?

ಗುಬ್ಬಿಗೂಡು

ಆರಂಭಿಕರ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿಯಿರುವ, ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ) ಒಂದನ್ನು ಕಿಟ್ ಲೆನ್ಸ್ (ಡಬ್ಬಿಯಲ್ಲೇ ಜೊತೆಗೆ ಬರುವ ಲೆನ್ಸ್) ಸಮೇತ ಕೊಳ್ಳಬೇಕು. ಸೋಸಿ ಸೋಸಿ ನಾಲ್ಕು ಉಳಿದಿವೆ: ಕ್ಯಾನನ್ 1500ಡಿ, ಕ್ಯಾನನ್ 200ಡಿ 2, ನಿಕಾನ್ ಡಿ3500, ನಿಕಾನ್ ಡಿ5600. ನಾಲ್ಕರಲ್ಲೂ 24 ಮೆಗಾಪಿಕ್ಸೆಲ್, ನಾಲ್ಕರ ಜೊತೆಗೂ 18-55 ಎಂಎಂ ಜೂಮ್ ಲೆನ್ಸ್ (18ರಲ್ಲಿ ಅಗಲ ನೋಟ, 55ರಲ್ಲಿ ಹತ್ತಿರದ ನೋಟ). ಹಾಗಿದ್ದ ಮೇಲೆ ವ್ಯತ್ಯಾಸ ಎಲ್ಲಿದೆ?

ತೆಗೆಯಬೇಕಿರುವುದು ಮನೆಯೊಳಗೆ ಓಡಾಡುವ ಮಕ್ಕಳು, ಹೊರಗೆ ಹೋದಾಗ ಪ್ರಕೃತಿ ದೃಶ್ಯ, ಆಗೀಗ ಹಕ್ಕಿ, ಸ್ವಲ್ಪ ವಿಡಿಯೊ. ಎರಡು ಲೆನ್ಸಿನ ಕಿಟ್ ತಗೊಳ್ಳೋದಾ, ಒಂದೇ ಸಾಕಾ? ಸೆಕೆಂಡ್ ಹ್ಯಾಂಡ್ ನೋಡಬಹುದಾ?

ಎಫ್_ಎಂಟು

ಬಾಡಿ (ಲೆನ್ಸ್ ಬಿಟ್ಟ ಕ್ಯಾಮೆರಾ) ವಿಚಾರ ಆಮೇಲೆ. ಮೊದಲು ಡಬ್ಬಿಯ ಮೇಲೆ ಲೆನ್ಸಿನ ಪೂರ್ತಿ ಹೆಸರು ಓದಿ. 18-55 ಅಂತ ಬರೆದಿದ್ದರೆ ಎಲ್ಲ ಒಂದೇ ಅಂದುಕೊಂಡು ಮೋಸಹೋಗುವವರೇ ಹೆಚ್ಚು. ಆ ಸಂಖ್ಯೆಯ ಮುಂದೆ ಬರುವ ಅಕ್ಷರಗಳಲ್ಲೇ ಎಲ್ಲ ಇರೋದು.

ಕ್ಯಾನನ್ ಕಡೆ ಮುಖ್ಯವಾಗಿ ನಾಲ್ಕು ಸಿಗುತ್ತವೆ. ಎಫ್/3.5-5.6 '3' ಅಂತ ರೋಮನ್ ಅಂಕಿ ಇರುವುದು ಅತಿ ಅಗ್ಗದ್ದು (ಎಫ್/ ಮುಂದಿನ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ಬೆಳಕು ಒಳಬಿಡುತ್ತೆ). ಅದರಲ್ಲಿ ಐಎಸ್ ಇಲ್ಲ, ಅಂದರೆ ಕೈನಡುಕ ತಡೆಯುವ ವ್ಯವಸ್ಥೆಯೇ ಇಲ್ಲ. 'ಐಎಸ್ 2' ಅಂತ ಇರುವುದರಲ್ಲಿ ಆ ವ್ಯವಸ್ಥೆ ಇದೆ, ಆದರೆ ಮೋಟಾರು ಹಳೆಯ ಸಣ್ಣ ಗೇರಿನದು, ಗರ್ ಅಂತ ಸದ್ದು ಮಾಡುತ್ತೆ. ಈ ಎರಡರಲ್ಲೂ ಫೋಕಸ್ ಮಾಡುವಾಗ ಲೆನ್ಸಿನ ಮುಂಭಾಗ ತಿರುಗುತ್ತೆ. ಪೋಲರೈಸರ್ ಫಿಲ್ಟರ್ (ಹೊಳಪು ತಗ್ಗಿಸಿ ಆಕಾಶದ ನೀಲಿ ಗಾಢವಾಗಿಸುವ ಗಾಜು) ಹಾಕಿ ಆಕಾಶಕ್ಕೆ ಕೋನ ಹೊಂದಿಸಿಟ್ಟರೆ, ಫೋಕಸ್ ಆದೊಡನೆ ಆ ಕೋನವೂ ತಿರುಗಿ ಹೋಗಿರುತ್ತೆ. ಮೂರನೆಯದು 'ಐಎಸ್ ಎಸ್‌ಟಿಎಂ', ಎಫ್/3.5-5.6; ಎಸ್‌ಟಿಎಂ ಅಂದರೆ ಹೊಸ ಬಗೆಯ ಫೋಕಸ್ ಮೋಟಾರು. ನಾಲ್ಕನೆಯದು 2017ರಲ್ಲಿ 200ಡಿ ಜೊತೆ ಬಂದ ಎಫ್/4-5.6 'ಐಎಸ್ ಎಸ್‌ಟಿಎಂ'. ಎಸ್‌ಟಿಎಂ ಎರಡೂ ಸದ್ದಿಲ್ಲದವು, ಮುಂಭಾಗ ತಿರುಗುವುದಿಲ್ಲ, 25 ಸೆಂ.ಮೀ. ಹತ್ತಿರದವರೆಗೂ ಫೋಕಸ್ ಆಗುತ್ತವೆ.

ನಿಕಾನ್‌ನಲ್ಲಿ ನೋಡಬೇಕಾದ ಅಕ್ಷರ 'ವಿಆರ್', ಐಎಸ್‌ಗೆ ನಿಕಾನ್ ಇಟ್ಟ ಹೆಸರು. ಹೊಸ ಬಗೆಯ ಮೋಟಾರಿನ ಎಎಫ್-ಪಿ 18-55 ವಿಆರ್ ಇರುವುದೂ ಉಂಟು, ಇಲ್ಲದ್ದೂ ಉಂಟು, ಹೊರಗಿಂದ ನೋಡಿದರೆ ಅವಳಿಜವಳಿ. ಲೆನ್ಸಿನ ಮೇಲೆ ಸ್ವಿಚ್ ಹುಡುಕಿ ಪತ್ತೆ ಮಾಡೋಣ ಅಂದರೆ ಆ ಸರಣಿಯಲ್ಲಿ ಸ್ವಿಚ್ಚೇ ಇಲ್ಲ. ಆಟೊ/ಮ್ಯಾನುಯಲ್ ಫೋಕಸ್, ವಿಆರ್ ಎರಡನ್ನೂ ಕ್ಯಾಮೆರಾ ಮೆನುವಿನಿಂದಲೇ ಬದಲಿಸಬೇಕು. ಹಾಗಾಗಿ ಹೆಸರು ಓದುವುದೊಂದೇ ದಾರಿ.

ನನ್ನ ಪ್ರಕಾರ ಒಳ್ಳೆ 18-55 ಇರುವ ಕೆಳದರ್ಜೆ ಬಾಡಿ, ಕೆಟ್ಟ 18-55 ಇರುವ ಮೇಲ್ದರ್ಜೆ ಬಾಡಿಗಿಂತ ಮೇಲು. ಐಎಸ್ ಇಲ್ಲದ ಕಿಟ್ ಎಷ್ಟೇ ಕಮ್ಮಿಗೆ ಬಂದರೂ ಬೇಡ.

ಕಪ್ಪುಬಿಳುಪು

ಕೊನೆಯ ಮಾತಿಗೆ ತಕರಾರಿದೆ. ಕೇಳಿರೋದು ಓಡಾಡೋ ಮಕ್ಕಳ ಫೋಟೊ. ಐಎಸ್ ತಡೆಯೋದು ನಿಮ್ಮ ಕೈಯ ನಡುಕವನ್ನ, ಮಗುವಿನ ಓಟವನ್ನಲ್ಲ. ಅಲ್ಲಿ ಶಟರ್ ವೇಗ ಸೆಕೆಂಡಿನ 1/250 ಬೇಕು, ಪೂರ್ತಿ ಓಡ್ತಿದ್ರೆ 1/500. ಆ ವೇಗದಲ್ಲಿ ಐಎಸ್ ಇದ್ರೂ ಒಂದೇ, ಇಲ್ಲದಿದ್ರೂ ಒಂದೇ.

ಎಫ್_ಎಂಟು

ಮಕ್ಕಳ ವಿಷಯದಲ್ಲಿ ಒಪ್ಪಿದೆ. ಆದರೆ ಅವರು ದೃಶ್ಯವನ್ನೂ ತೆಗೆಯುತ್ತಾರೆ. 55 ಎಂಎಂನಲ್ಲಿ ಕೈಯಲ್ಲೇ ಹಿಡಿದು ತೆಗೆಯಲು ಹಳೇ ಲೆಕ್ಕದ ಪ್ರಕಾರ 1/80 ಅಥವಾ 1/90 ಬೇಕು, ಕ್ರಾಪ್ ಅಂಶ (ಸೆನ್ಸರ್ ಚಿಕ್ಕದಾದ್ದರಿಂದ ನೋಟ ಕಿರಿದಾಗುವ ಪಟ್ಟು, ನಿಕಾನ್‌ನಲ್ಲಿ 1.5, ಕ್ಯಾನನ್‌ನಲ್ಲಿ 1.6) ಸೇರಿಸಿ. ಐಎಸ್ ಇದ್ದರೆ 1/15ರಲ್ಲೂ ಕಲ್ಲಿನ ಗೋಡೆ ಚೂಪಾಗಿ ಬರುತ್ತೆ. ಮೋಡದ ಸಂಜೆಯಲ್ಲಿ ಐಎಸ್‌ಒ (ಏರಿಸಿದಷ್ಟೂ ಮಂದ ಬೆಳಕು ಸಾಕಾಗುತ್ತೆ, ಆದರೆ ಚಿತ್ರ ಒರಟಾಗುತ್ತೆ) 1600ರ ಬದಲು 400ರಲ್ಲಿ ತೆಗೆಯಬಹುದು. ಇನ್ನೊಂದು ಲಾಭ ವ್ಯೂಫೈಂಡರಿನಲ್ಲೇ ಕಾಣುತ್ತೆ: ಬಟನ್ ಅರ್ಧ ಒತ್ತಿದೊಡನೆ ಚಿತ್ರ ನೆಲೆ ನಿಲ್ಲುತ್ತೆ, ಫ್ರೇಮ್ ಕಟ್ಟೋದು ಸುಲಭ.

ಮಸೂರ

ನಾಲ್ಕು ಬಾಡಿಗಳ ವಿಷಯಕ್ಕೆ ಬರೋಣ. ಮೆಗಾಪಿಕ್ಸೆಲ್ ಮರೆತುಬಿಡಿ, ವ್ಯತ್ಯಾಸ ಬೇರೆ ಕಡೆ ಇದೆ.

1500ಡಿ (ಕೆಲ ದೇಶಗಳಲ್ಲಿ 2000ಡಿ, ಅಮೆರಿಕದಲ್ಲಿ ರೆಬೆಲ್ ಟಿ7, ಎಲ್ಲ ಒಂದೇ): 2018ರದ್ದು. ಫೋಕಸ್ ಬಿಂದು 9, ನಡುವಿನದು ಮಾತ್ರ ಕ್ರಾಸ್ (ಅಡ್ಡ, ಉದ್ದ ಎರಡೂ ಗೆರೆ ಹಿಡಿಯುವ, ಹೆಚ್ಚು ನಂಬಿಕಸ್ಥ ಬಿಂದು). ಸೆಕೆಂಡಿಗೆ 3 ಚಿತ್ರ. ಪರದೆ ಅಂಟಿಕೊಂಡದ್ದು, ಟಚ್ ಇಲ್ಲ, ಮೈಕ್ ತೂತಿಲ್ಲ, ಸೆನ್ಸರ್ ತಾನೇ ಧೂಳು ಕೊಡವಿಕೊಳ್ಳುವ ವ್ಯವಸ್ಥೆಯಿಲ್ಲ. ಲೈವ್ ವ್ಯೂನಲ್ಲಿ (ಪರದೆ ನೋಡಿ ತೆಗೆಯುವಾಗ) ಫೋಕಸ್ ಹಿಂದೆ ಮುಂದೆ ತೂಗಾಡಿ ನಿಧಾನಕ್ಕೆ ಕೂರುತ್ತೆ. ಆದರೆ ಎಕ್ಸ್‌ಪೋಷರ್ ಬ್ರ್ಯಾಕೆಟಿಂಗ್ (ಒಂದೇ ದೃಶ್ಯವನ್ನು ಹೆಚ್ಚು, ಕಮ್ಮಿ ಬೆಳಕಿನಲ್ಲಿ ತಾನೇ ತೆಗೆಯುವುದು) ಇದೆ.

ಡಿ3500: ಇದೂ 2018. ಫೋಕಸ್ ಬಿಂದು 11, ಕ್ರಾಸ್ ಒಂದೇ. ಸೆಕೆಂಡಿಗೆ 5. ಬ್ಯಾಟರಿ ಒಮ್ಮೆ ತುಂಬಿಸಿದರೆ ಅಳತೆಯ ಪ್ರಕಾರ 1550 ಚಿತ್ರ, 1500ಡಿಯದು ಸುಮಾರು 500. ಬ್ಯಾಟರಿ ಸಮೇತ 415 ಗ್ರಾಂ, ಆದರೂ ಹಿಡಿ ಆಳವಾಗಿದೆ. ನೆರಳಿನ ಭಾಗ ಎತ್ತಿದಾಗ 1500ಡಿಗಿಂತ ಸ್ವಚ್ಛವಾದ ಫೈಲ್ ಕೊಡುತ್ತೆ. ಇಲ್ಲದ್ದು: ಟಚ್, ತಿರುಗುವ ಪರದೆ, ಮೈಕ್ ತೂತು, ಬ್ರ್ಯಾಕೆಟಿಂಗ್, ಧೂಳು ಕೊಡವುವಿಕೆ.

ಡಿ5600: 2016ರದ್ದಾದರೂ 39 ಬಿಂದು, 9 ಕ್ರಾಸ್. ತಿರುಗುವ ಟಚ್ ಪರದೆ, ಮೈಕ್, ಬ್ರ್ಯಾಕೆಟಿಂಗ್, 14 ಬಿಟ್ ರಾ (ಸಂಸ್ಕರಿಸದ ಮೂಲ ಫೈಲ್). ವ್ಯೂಫೈಂಡರ್‌ನಲ್ಲಿ ಕಣ್ಣಿಟ್ಟು ಚಲಿಸುವ ವಸ್ತು ತೆಗೆಯಲು ನಾಲ್ಕರಲ್ಲಿ ಇದೇ ಮುಂದು.

200ಡಿ 2 (250ಡಿ, ರೆಬೆಲ್ ಎಸ್‌ಎಲ್3 ಕೂಡ ಇದೇ): 2019. ವ್ಯೂಫೈಂಡರ್‌ನಲ್ಲಿ ಅದೇ 9 ಬಿಂದು, ಅಲ್ಲಿ ದೊಡ್ಡ ಸುಧಾರಣೆ ಇಲ್ಲ. ಆದರೆ ಪರದೆ ನೋಡಿ ತೆಗೆದಾಗ ಡ್ಯುಯಲ್ ಪಿಕ್ಸೆಲ್ ಫೋಕಸ್, ಬೆರಳಿಟ್ಟ ಕಡೆ ತಕ್ಷಣ ಕೂರುತ್ತೆ, ಮುಖದ ಬೆನ್ನು ಹತ್ತುತ್ತೆ. ವಿಡಿಯೊಗೆ ಇವುಗಳಲ್ಲಿ ಇದೊಂದೇ ಅಂತ ಹೇಳಬಹುದು. ಒಂದು ಕೊಕ್ಕೆ: 4ಕೆ ಹಾಕಿದರೆ ಡ್ಯುಯಲ್ ಪಿಕ್ಸೆಲ್ ಕೆಲಸ ಮಾಡುವುದಿಲ್ಲ, ಚಿತ್ರದ ಅಂಚೂ ಇನ್ನಷ್ಟು ಕತ್ತರಿಸಿ ಹೋಗುತ್ತೆ, 18 ಎಂಎಂ ಕೂಡ ಅಗಲ ಅನ್ನಿಸುವುದಿಲ್ಲ. ಫುಲ್ ಎಚ್‌ಡಿಯಲ್ಲೇ ಇಟ್ಟುಕೊಳ್ಳಿ.

ಪಟ್ಟಿಯಲ್ಲಿಲ್ಲದ 3000ಡಿ (4000ಡಿ) ಯಾರಾದರೂ ತೋರಿಸಿದರೆ ಮುಂದೆ ಹೋಗಿ. 18 ಮೆಗಾಪಿಕ್ಸೆಲ್, ಲೆನ್ಸ್ ಕೂರುವ ಬಳೆ ಪ್ಲಾಸ್ಟಿಕ್ಕು.

ಹಳೇಶಟರ್

ಎಲ್ಲರೂ ಐಎಸ್‌ಒ, ಬಿಂದು ಅಂತ ಹೇಳ್ತಿದ್ದೀರಿ. ಮನೆಯೊಳಗಿನ ಬೆಳಕಿಗೆ ನಿಜವಾದ ಉತ್ತರ ಎರಡನೇ ಲೆನ್ಸ್, ಅದೂ ಜೂಮ್ ಅಲ್ಲ.

ಲೆಕ್ಕ ನೋಡಿ. 18-55 ಲೆನ್ಸು 18ರಲ್ಲಿ ಎಫ್/3.5 ಇದ್ದರೂ 35 ದಾಟುವ ಹೊತ್ತಿಗೆ ಎಫ್/5ರ ಆಸುಪಾಸಿಗೆ ಇಳಿದಿರುತ್ತೆ, 55ರಲ್ಲಿ ಎಫ್/5.6. ರಾತ್ರಿ ಮನೆಯ ದೀಪದಲ್ಲಿ 1/125 ಸಿಗಬೇಕಾದರೆ ಐಎಸ್‌ಒ 6400 ಮುಟ್ಟೋದು ಸಾಮಾನ್ಯ. ಅದೇ ಜಾಗದಲ್ಲಿ ಎಫ್/1.8 ಲೆನ್ಸ್ ಹಾಕಿದರೆ ಸುಮಾರು ಮೂರೂಕಾಲು ಸ್ಟಾಪ್ ಹೆಚ್ಚು ಬೆಳಕು (ಒಂದು ಸ್ಟಾಪ್ ಅಂದರೆ ಬೆಳಕು ಇಮ್ಮಡಿ). 6400 ಇದ್ದದ್ದು 640ರ ಸುಮಾರಿಗೆ ಬಂತು. ಯಾವ ಹೊಸ ಬಾಡಿಯೂ ಇಷ್ಟು ದೊಡ್ಡ ನೆಗೆತ ಕೊಡೋದಿಲ್ಲ.

ನಿಕಾನ್‌ಗೆ ಎಎಫ್-ಎಸ್ ಡಿಎಕ್ಸ್ 35 ಎಫ್/1.8ಜಿ. ಕ್ರಾಪ್ 1.5 ಆದ್ದರಿಂದ 52ರಷ್ಟು ನೋಟ, ಕೋಣೆಯೊಳಗೆ ಹೇಳಿ ಮಾಡಿಸಿದ್ದು. ಕ್ಯಾನನ್‌ಗೆ ಅಗ್ಗದಲ್ಲಿ ಸಿಗೋದು ಇಎಫ್ 50 ಎಫ್/1.8 ಎಸ್‌ಟಿಎಂ. ಕ್ರಾಪ್ 1.6, ಅಂದರೆ 80ರ ನೋಟ: ಮುಖಚಿತ್ರಕ್ಕೆ ಸೊಗಸು, ಚಿಕ್ಕ ಕೋಣೆಯಲ್ಲಿ ಇಬ್ಬರನ್ನು ಹಿಡಿಯಲು ಗೋಡೆಗೆ ಬೆನ್ನು ತಾಗಿಸಬೇಕು. ಕ್ಯಾನನ್‌ನ 24 ಎಫ್/2.8 ಎಸ್‌ಟಿಎಂ ಕೋಣೆಗೆ ಸರಿಹೊಂದುತ್ತೆ, ಆದರೆ ಎಫ್/1.8ಕ್ಕಿಂತ ಒಂದು ಸ್ಟಾಪಿಗೂ ಹೆಚ್ಚು ಬೆಳಕು ಕಮ್ಮಿ. ಆರಂಭಿಕರ ಮಟ್ಟದಲ್ಲಿ ನಿಕಾನ್ ಕಡೆ ತೂಗಲು ಇದೂ ಒಂದು ಕಾರಣ.

ಒಂದು ಎಚ್ಚರ: ಡಿ3500, ಡಿ5600 ಬಾಡಿಯೊಳಗೆ ಫೋಕಸ್ ಮೋಟಾರಿಲ್ಲ. ಸ್ವಂತ ಮೋಟಾರಿಲ್ಲದ ಹಳೆಯ 50 ಎಫ್/1.8 'ಡಿ' ಅಗ್ಗಕ್ಕೆ ಸಿಕ್ಕಿತು ಅಂತ ತಂದರೆ ಫೋಕಸನ್ನು ಕೈಯಲ್ಲೇ ತಿರುಗಿಸಬೇಕು. 'ಎಎಫ್-ಎಸ್' ಅಥವಾ 'ಎಎಫ್-ಪಿ' ಅಂತ ಇದ್ದರೆ ಮಾತ್ರ ತನ್ನಷ್ಟಕ್ಕೆ ಫೋಕಸ್ ಆಗುತ್ತೆ.

ಕನ್ನಡಿಇಲ್ಲ

ಈ ಕಾಲದಲ್ಲಿ ಡಿಎಸ್‌ಎಲ್‌ಆರ್ ಯಾಕೆ ಅಂತ ಯಾರೂ ಕೇಳಲಿಲ್ಲವಲ್ಲ. ಕ್ಯಾನನ್, ನಿಕಾನ್ ಎರಡೂ 2018ರಲ್ಲಿ ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಕ್ಯಾಮೆರಾಗಳಿಗೆ ಹೊಸ ಮೌಂಟ್ (ಲೆನ್ಸ್ ಕೂರುವ ಬಾಯಿ) ತಂದವು, ಆರ್‌ಎಫ್ ಮತ್ತು ಝಡ್. ಹೊಸ ಲೆನ್ಸೆಲ್ಲ ಅಲ್ಲಿಗೇ ಬರುತ್ತಿವೆ. ಡಿ3500 ಉತ್ಪಾದನೆ ನಿಂತು ವರ್ಷಗಳಾದವು. 'ಹೊಸದು' ಅಂತ ಸಿಗುತ್ತಿರೋದು ಉಳಿದ ದಾಸ್ತಾನು. ಮಿರರ್‌ಲೆಸ್ ಆದ ಕ್ಯಾನನ್ ಆರ್50 ಅಥವಾ ನಿಕಾನ್ ಝಡ್ 30 ತಗೊಂಡರೆ ಕಣ್ಣು ಹುಡುಕುವ ಫೋಕಸ್ ಚೌಕಟ್ಟಿನ ಬಹುಭಾಗದಲ್ಲಿ ಕೆಲಸ ಮಾಡುತ್ತೆ. ಓಡಾಡೋ ಮಕ್ಕಳಿಗೆ ಅದಕ್ಕಿಂತ ಇನ್ನೇನು ಬೇಕು?

ಮಸೂರ

ತಪ್ಪಲ್ಲ, ಆದರೆ ಅರ್ಧ ಮಾತು. ಆ ಕಿಟ್‌ಗಳ ಲೆನ್ಸ್ ನೋಡಿ. ಆರ್50 ಜೊತೆ ಬರುವುದು 18-45, ಎಫ್/4.5-6.3. 18ರಲ್ಲೇ ಎಫ್/4.5ರಿಂದ ಶುರು, ತುದಿಯಲ್ಲಿ 45ಕ್ಕೇ ನಿಲ್ಲುತ್ತೆ. ಬ್ಯಾಟರಿ ಒಂದಕ್ಕೆ ಕೆಲ ನೂರು ಚಿತ್ರ, ಎರಡನೆಯದು ಕಡ್ಡಾಯ. ಝಡ್ 30ರಲ್ಲಿ ವ್ಯೂಫೈಂಡರೇ ಇಲ್ಲ, ಬಿಸಿಲಿನಲ್ಲಿ ಪರದೆ ನೋಡಿ ತೆಗೆಯಬೇಕು. ಸೆಕೆಂಡ್ ಹ್ಯಾಂಡ್ ಲೆನ್ಸ್ ಅಗ್ಗವಾಗಿ, ರಾಶಿ ರಾಶಿ ಸಿಗುವುದು ಡಿಎಸ್‌ಎಲ್‌ಆರ್‌ನ ಇಎಫ್ (ಕ್ಯಾನನ್) ಮತ್ತು ಎಫ್ (ನಿಕಾನ್) ಮೌಂಟಿಗೆ.

ಲೆನ್ಸ್ ಮುಂದೆ ದಂಡವಾಗುತ್ತೆ ಅನ್ನೋ ಭಯವೂ ಬೇಡ. ಇಎಫ್, ಇಎಫ್-ಎಸ್ ಲೆನ್ಸೆಲ್ಲ ಅಡಾಪ್ಟರ್ ಹಾಕಿದರೆ ಆರ್‌ಎಫ್ ಬಾಡಿಯಲ್ಲಿ ಫೋಕಸ್ ಸಮೇತ ನಡೆಯುತ್ತವೆ. ಆ ಅಡಾಪ್ಟರ್‌ನಲ್ಲಿ ಗಾಜಿಲ್ಲ. ಇಎಫ್‌ನಲ್ಲಿ ಮೌಂಟಿಂದ ಸೆನ್ಸರಿಗೆ 44 ಮಿ.ಮೀ., ಆರ್‌ಎಫ್‌ನಲ್ಲಿ 20. ನಡುವಿನ 24 ಮಿ.ಮೀ. ತುಂಬುವ ಕೊಳವೆ, ಜೊತೆಗೆ ವಿದ್ಯುತ್ ಸಂಪರ್ಕ, ಅಷ್ಟೇ. ನಿಕಾನ್‌ನ ಇಂಥದೇ ಅಡಾಪ್ಟರ್ ಎಫ್‌ಟಿಝಡ್‌ನಲ್ಲಿ ಎಎಫ್-ಎಸ್, ಎಎಫ್-ಪಿ ನಡೆಯುತ್ತವೆ. ಅಡಾಪ್ಟರ್‌ನಲ್ಲೂ ಮೋಟಾರಿಲ್ಲವಾದ್ದರಿಂದ 'ಡಿ' ಲೆನ್ಸ್ ಅಲ್ಲೂ ಕೈಫೋಕಸ್ಸೇ.

ಕನ್ನಡಿಇಲ್ಲ

ಬ್ಯಾಟರಿ, ಅಗ್ಗದ ಲೆನ್ಸ್ ಎರಡೂ ಒಪ್ಪಿದೆ. ವಿಡಿಯೊ ಅರ್ಧಕ್ಕಿಂತ ಹೆಚ್ಚಿದ್ದರೆ ಮಾತ್ರ ನನ್ನ ಮಾತು ತೂಕದ್ದು, ಇಲ್ಲದಿದ್ದರೆ ಬಿಡಿ.

ಗುಬ್ಬಿಗೂಡು

ವಿಡಿಯೊ ಹತ್ತರಲ್ಲಿ ಒಂದು ಪಾಲು ಅಷ್ಟೇ. ಹಾಗಾಗಿ ಡಿಎಸ್‌ಎಲ್‌ಆರ್‌ಗೇ ನಿಲ್ಲುತ್ತೇನೆ. ಎರಡು ಲೆನ್ಸಿನ ಕಿಟ್ ಬಗ್ಗೆ? 1500ಡಿ ಜೊತೆ 18-55 ಮತ್ತು 75-300 ಸೇರಿಸಿ ಕೊಡುತ್ತಾರೆ, ಡಿ3500 ಜೊತೆ 18-55 ಮತ್ತು 70-300.

ಎಫ್_ಎಂಟು

ಇಲ್ಲೂ ಅದೇ ಪಾಠ, ಅಕ್ಷರ ಓದಿ. ಕ್ಯಾನನ್ ಇಎಫ್ 75-300 ಎಫ್/4-5.6 '3' ಹಳೆಯ ವಿನ್ಯಾಸ, ಐಎಸ್ ಇಲ್ಲ. 200 ದಾಟಿದ ಮೇಲೆ ಚಿತ್ರ ಮೆತ್ತಗೆ, ಕೊಂಬೆಯ ಅಂಚಿನಲ್ಲಿ ನೇರಳೆ ಗೆರೆ. 300ರಲ್ಲಿ 1.6 ಸೇರಿಸಿ 480ರ ನೋಟ, ಕೈಯಲ್ಲಿ ಹಿಡಿದು ತೆಗೆಯಲು 1/500 ಕನಿಷ್ಠ. ಎಫ್/8ಕ್ಕೆ ಇಳಿಸಿದರೆ ಸ್ವಲ್ಪ ಸುಧಾರಿಸುತ್ತೆ, ಆದರೆ ಎಫ್/8ರಲ್ಲಿ 1/500 ಅಂದರೆ ನಡುಹಗಲಿನ ಬಿಸಿಲೇ ಬೇಕು. ಮರದ ನೆರಳಲ್ಲಿ ಕೂತ ಹಕ್ಕಿಗೆ ಅದು ದಕ್ಕೋದಿಲ್ಲ.

ಅದರ ಬದಲು ಇಎಫ್-ಎಸ್ 55-250 ಎಫ್/4-5.6 ಐಎಸ್ ಎಸ್‌ಟಿಎಂ ಬಿಡಿಯಾಗಿ ತಗೊಳ್ಳಿ. 50 ಎಂಎಂ ಕಳೆದುಕೊಂಡರೂ 250ರಲ್ಲಿ ತೆಗೆದದ್ದನ್ನು ಕತ್ತರಿಸಿ ದೊಡ್ಡದು ಮಾಡಿದರೆ 75-300ರ 300ಕ್ಕಿಂತ ಹೆಚ್ಚು ಗರಿ ಕಾಣುತ್ತೆ.

ನಿಕಾನ್ ಎಎಫ್-ಪಿ ಡಿಎಕ್ಸ್ 70-300 ಎಫ್/4.5-6.3 ಚೂಪಾದದ್ದೇ, ಫೋಕಸ್ ಚುರುಕು. ಅದರಲ್ಲೂ ವಿಆರ್ ಇರುವುದು, ಇಲ್ಲದ್ದು ಎರಡಿವೆ. 300ರಲ್ಲಿ ವಿಆರ್ ಬೇಕೇ ಬೇಕು. ಆ ಎರಡು ಲೆನ್ಸಿನ ಕಿಟ್ಟಿನಲ್ಲಿ ಎರಡಕ್ಕೂ ವಿಆರ್ ಇದ್ದರೆ ಕಣ್ಣುಮುಚ್ಚಿ ತಗೊಳ್ಳಬಹುದು.

ತ್ರಿಪಾದಿ

ಸೆಕೆಂಡ್ ಹ್ಯಾಂಡ್ ಬಗ್ಗೆ ಕೇಳಿದ್ದಿರಿ. ನೋಡುವುದಾದರೆ ಇದೇ ನಾಲ್ಕನ್ನಲ್ಲ, ಒಂದು ದರ್ಜೆ ಮೇಲಿನದನ್ನು ನೋಡಿ. ನಿಕಾನ್ ಡಿ7200 (2015), ಕ್ಯಾನನ್ 80ಡಿ (2016). ವ್ಯೂಫೈಂಡರಿಗೆ ಚಿತ್ರ ತಲುಪಿಸಲು ಕನ್ನಡಿ ತುಂಡುಗಳ ಪೆಂಟಾಮಿರರ್ ಬದಲು ಗಾಜಿನ ಪೆಂಟಾಪ್ರಿಸಂ, ವ್ಯೂಫೈಂಡರ್ ದೊಡ್ಡದು, ಬೆಳ್ಳಗಿರುತ್ತೆ. ಡಯಲ್ ಎರಡು. 80ಡಿಯಲ್ಲಿ 45 ಬಿಂದು, ಎಲ್ಲವೂ ಕ್ರಾಸ್, ಜೊತೆಗೆ ಡ್ಯುಯಲ್ ಪಿಕ್ಸೆಲ್. ಡಿ7200ರಲ್ಲಿ ಬಾಡಿಯೊಳಗೆ ಮೋಟಾರಿದೆ, ಹಳೆ 'ಡಿ' ಲೆನ್ಸೂ ನಡೆಯುತ್ತೆ.

ಪರೀಕ್ಷೆಗೆ ಕಾರ್ಡು, ಸಣ್ಣ ಟಾರ್ಚ್ ಜೊತೆಗಿರಲಿ. ಅರ್ಧ ಗಂಟೆ ಸಾಕು.

ಮೊದಲು ಲೆನ್ಸ್ ಬಿಚ್ಚಿ, ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಫಂಗಸ್, ಅಲ್ಲಿಗೆ ಮಾತು ಮುಗಿಸಿ. ನಾಲ್ಕಾರು ಧೂಳಿನ ಕಣ ಇದ್ದರೆ ಚಿತ್ರದಲ್ಲಿ ಕಾಣೋದಿಲ್ಲ, ಚಿಂತೆ ಬೇಡ.

ಆಮೇಲೆ ಕಿಟ್ ಲೆನ್ಸಿನ ಅಪರ್ಚರ್ (ಬೆಳಕು ಒಳಬಿಡುವ ಕಿಂಡಿ) ಪರೀಕ್ಷೆ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಕ್ಯಾನನ್ 18-55 ಒಳಗೆ ಅಪರ್ಚರ್ ನಡೆಸುವ ತೆಳುವಾದ ರಿಬ್ಬನ್ ಕೇಬಲ್ ಜೂಮ್ ಮಾಡಿದಾಗಲೆಲ್ಲ ಮಡಚಿ ಬಿಚ್ಚುತ್ತಿರುತ್ತೆ. ವರ್ಷಗಟ್ಟಲೆ ಮಡಚಿ ಒಂದು ದಿನ ಅದರ ಗೆರೆ ಕಡಿಯುತ್ತೆ. ಆಗ 'ಎರರ್ 01' ಬಂದು, ಲೆನ್ಸಿನ ಸಂಪರ್ಕ ಬಿಂದುಗಳನ್ನು ಒರೆಸಿ ಅಂತ ಹೇಳುತ್ತೆ. ಎಷ್ಟು ಒರೆಸಿದರೂ ಹೋಗೋದಿಲ್ಲ. ಮಜಾ ಏನೆಂದರೆ ಎಫ್/3.5ರಲ್ಲಿ ಚಿತ್ರ ಸರಿಯಾಗೇ ಬರುತ್ತೆ, ಯಾಕೆಂದರೆ ಪೂರ್ತಿ ತೆರೆದಿದ್ದಾಗ ಅಪರ್ಚರ್ ಅಲುಗಾಡುವುದೇ ಬೇಡ. ಎಫ್/8ಕ್ಕೆ ಇಟ್ಟು ಒತ್ತಿದೊಡನೆ ಎರರ್. ಕೆಲವೊಮ್ಮೆ 18ರಲ್ಲಿ ಸರಿ, 35ರಲ್ಲಿ ಮಾತ್ರ ಎರರ್, ಕೇಬಲ್ ಆ ಜಾಗದಲ್ಲಿ ಬಾಗುವುದರಿಂದ. ಹಾಗಾಗಿ 18, 24, 35, 55 ನಾಲ್ಕರಲ್ಲೂ ಎಫ್/11 ಇಟ್ಟು ತಲಾ ಎರಡು ಚಿತ್ರ ತೆಗೆಯಿರಿ.

ಸೆನ್ಸರ್ ಧೂಳಿಗೆ ಎಫ್/22, ಬರಿಯ ಆಕಾಶ ಅಥವಾ ಬಿಳಿ ಗೋಡೆ, ಫೋಕಸ್ ಕೆಡಿಸಿ ಒಂದು ಚಿತ್ರ. ಶಟರ್‌ಗೆ 1/4000ರಲ್ಲಿ ಅದೇ ಗೋಡೆ: ಒಂದು ಬದಿ ಕಪ್ಪು ಪಟ್ಟಿ ಬಂದರೆ ಶಟರಿನ ಪರದೆ ಸೋತಿದೆ. ಲೆನ್ಸ್ ಮುಚ್ಚಳ ಹಾಕಿ ಕೆಲ ಸೆಕೆಂಡಿನ ಎಕ್ಸ್‌ಪೋಷರ್ ಕೊಟ್ಟರೆ ಕೆಟ್ಟ ಪಿಕ್ಸೆಲ್ ಬಣ್ಣದ ಚುಕ್ಕಿಯಾಗಿ ಕಾಣುತ್ತೆ.

ಫೋಕಸ್ ಸರಿಯಿದೆಯಾ ನೋಡಲು ಕ್ಯಾಮೆರಾ ಮೇಜಿನ ಮೇಲಿಟ್ಟು, 55 ಎಂಎಂ, ಎಫ್/5.6. ಎರಡು ಮೀಟರ್ ದೂರದ ಪುಸ್ತಕದ ಬೆನ್ನಿಗೆ ವ್ಯೂಫೈಂಡರಿಂದ ಒಂದು, ಲೈವ್ ವ್ಯೂನಿಂದ ಒಂದು. ಲೈವ್ ವ್ಯೂ ಚೂಪು, ವ್ಯೂಫೈಂಡರದ್ದು ಮಂಕು ಅಂದರೆ ಫೋಕಸ್ ಸೆನ್ಸರಿನ ಹೊಂದಾಣಿಕೆ ತಪ್ಪಿದೆ. ಡಿ7200, 80ಡಿಯಲ್ಲಿ ಮೆನುವಿನಿಂದ ತಿದ್ದಬಹುದು. ಕೆಳದರ್ಜೆಯವುಗಳಲ್ಲಿ ಆ ಮೆನುವೇ ಇಲ್ಲ, ಸರ್ವಿಸ್‌ಗೆ ಹೋಗಬೇಕು.

ಗುಬ್ಬಿಗೂಡು

ಶಟರ್ ಕೌಂಟ್ (ಶಟರ್ ಈವರೆಗೆ ಎಷ್ಟು ಸಲ ಓಡಿದೆ ಅನ್ನೋ ಲೆಕ್ಕ) ನೋಡೋದು ಹೇಗೆ?

ತ್ರಿಪಾದಿ

ನಿಕಾನ್ ಸುಲಭ. ಈಗಷ್ಟೇ ತೆಗೆದ ಜೆಪೆಗ್‌ನ ಎಕ್ಸಿಫ್ ಮಾಹಿತಿಯಲ್ಲೇ (ಚಿತ್ರದ ಫೈಲಿನೊಳಗೆ ಕ್ಯಾಮೆರಾ ಬರೆದಿಡುವ ವಿವರ) ಇರುತ್ತೆ. ಮೂಲ ಫೈಲೇ ಬೇಕು; ಮೆಸೇಜ್‌ನಲ್ಲಿ ಕಳಿಸಿದ್ದರಲ್ಲಿ ಆ ಮಾಹಿತಿ ಉದುರಿ ಹೋಗಿರುತ್ತೆ. ಕ್ಯಾನನ್‌ನ ಹೆಚ್ಚಿನ ಮಾಡೆಲ್‌ಗಳು ಫೈಲಿನಲ್ಲಿ ಬರೆಯುವುದಿಲ್ಲ, ಯುಎಸ್‌ಬಿಯಲ್ಲಿ ಜೋಡಿಸಿ ಬೇರೆ ತಂತ್ರಾಂಶದಿಂದ ಓದಬೇಕು. ಫೈಲಿನ ಸಂಖ್ಯೆ ನಂಬಬೇಡಿ, ಅದನ್ನು ಯಾರು ಬೇಕಾದರೂ ಸೊನ್ನೆಗೆ ತರಬಹುದು.

ಲಕ್ಷ ದಾಟಿದ ಕೂಡಲೇ ಶಟರ್ ಸಾಯುತ್ತೆ ಅಂತೇನಿಲ್ಲ. ಕೌಂಟ್ ಹತ್ತು ಸಾವಿರ ಇದ್ದು ವರ್ಷಗಟ್ಟಲೆ ಚರ್ಮದ ಚೀಲದಲ್ಲಿ ಮುಚ್ಚಿಟ್ಟ ಕ್ಯಾಮೆರಾಕ್ಕಿಂತ, ಐವತ್ತು ಸಾವಿರ ಓಡಿ ದಿನಾ ಬೆಳಕು ಕಂಡದ್ದೇ ವಾಸಿ. ಮೊದಲನೆಯದಕ್ಕೆ ಫಂಗಸ್ ಖಾತರಿ ಅನ್ನಬಹುದು.

ಹಳೇಶಟರ್

ನಿಕಾನ್ ಸೆಕೆಂಡ್ ಹ್ಯಾಂಡ್ ಅಂದಾಗ ಒಂದು ಸೇರಿಸಬೇಕು. ಎಎಫ್-ಪಿ ಲೆನ್ಸ್ ಹಳೇ ಬಾಡಿಗೆ ಹೊಂದೋದಿಲ್ಲ. ಡಿ90, ಡಿ3200, ಡಿ5100 ಇಂಥವುಗಳಲ್ಲಿ ಫೋಕಸ್ಸೇ ಆಗೋದಿಲ್ಲ, ಕೈಯಿಂದಲೂ ಆಗೋದಿಲ್ಲ, ಉಂಗುರ ತಿರುಗಿಸಿದರೆ ಒಳಗೆ ಏನೂ ಅಲುಗಾಡದು. ಆ ಉಂಗುರ ಮೋಟಾರಿಗೆ ಸಂಜ್ಞೆ ಕೊಡುವುದಷ್ಟೇ, ಗಾಜಿಗೆ ನೇರ ಕೊಂಡಿಯಿಲ್ಲ. ಹಳೇ ಬಾಡಿ ಕೊಂಡರೆ ಅದಕ್ಕೆ ಎಎಫ್-ಎಸ್ 18-55 ವಿಆರ್ 2 ಹುಡುಕಿ. ಫಿಲ್ಟರ್ ಅಳತೆಯೂ ಬೇರೆ: ಎಎಫ್-ಎಸ್ ವಿಆರ್ 2ಕ್ಕೆ 52, ಎಎಫ್-ಪಿಗೆ 55. ಕ್ಯಾನನ್ 18-55 ಎಲ್ಲಕ್ಕೂ 58.

ಕಪ್ಪುಬಿಳುಪು

ಫ್ಲ್ಯಾಶ್ ವಿಷಯ ಯಾರೂ ಎತ್ತಲಿಲ್ಲ. 1500ಡಿ, 200ಡಿ 2 ಎರಡರ ಹಾಟ್‌ಶೂ (ಮೇಲೆ ಹೊರ ಫ್ಲ್ಯಾಶ್ ಕೂರಿಸುವ ಜಾಗ) ನೋಡಿ, ನಡುವಿನ ದೊಡ್ಡ ಸಂಪರ್ಕ ಬಿಂದುವನ್ನೇ ಕ್ಯಾನನ್ ತೆಗೆದುಹಾಕಿದೆ. ಆ ಒಂದೇ ಬಿಂದುವಿನ ಮೇಲೆ ನಡೆಯುವ ಅಗ್ಗದ ಮ್ಯಾನುಯಲ್ ಫ್ಲ್ಯಾಶ್, ಸಾದಾ ರೇಡಿಯೊ ಟ್ರಿಗರ್ ಯಾವುದೂ ಅದರಲ್ಲಿ ಬೆಳಗೋದಿಲ್ಲ. ಕ್ಯಾನನ್‌ನದೇ ಫ್ಲ್ಯಾಶ್ ಅಥವಾ ಈ ಮಾಡೆಲ್‌ಗೆ ಹೊಂದುತ್ತೆ ಅಂತ ಸ್ಪಷ್ಟವಾಗಿ ಬರೆದಿರುವ ಟ್ರಿಗರ್ ಬೇಕು. ಡಿ3500, ಡಿ5600ರಲ್ಲಿ ಈ ಕಾಟ ಇಲ್ಲ.

ಮನೆಯೊಳಗೆ ಮಕ್ಕಳು ಅಂದ್ರೆ ಫ್ಲ್ಯಾಶನ್ನ ಚಾವಣಿಗೆ ತಿರುಗಿಸಿ ಹೊಡೆಯೋದು ಎಫ್/1.8 ಲೆನ್ಸಿಗಿಂತಲೂ ಒಳ್ಳೆ ಉಪಾಯ. ಚಾವಣಿ ಬಿಳಿ ಇರಬೇಕು. ಎಫ್/5.6, ಐಎಸ್‌ಒ 800, ಶಟರ್ 1/200 ಒಳಗೆ. ಅದರ ಮೇಲೆ ಹೋದ್ರೆ ಸಾದಾ ಫ್ಲ್ಯಾಶಿಗೆ ಚಿತ್ರದ ಒಂದು ಪಟ್ಟಿ ಕಪ್ಪಾಗುತ್ತೆ, ಶಟರ್ ಪೂರ್ತಿ ತೆರೆದಿರೋ ಗಳಿಗೆ ಅಷ್ಟೇ ಇರೋದು. ಬಾಡಿಯ ಮೇಲೇಳೋ ಚಿಕ್ಕ ಫ್ಲ್ಯಾಶ್ ಚಾವಣಿಗೆ ತಿರುಗಲ್ಲ, ಮುಖಕ್ಕೆ ನೇರ ಹೊಡೆದು ಹಿಂದಿನ ಗೋಡೆಗೆ ಕಪ್ಪು ನೆರಳು ಅಂಟಿಸುತ್ತೆ.

ಹಳೇಶಟರ್

ಎಫ್/1.8ಕ್ಕಿಂತ ಒಳ್ಳೇದು ಅನ್ನೋದನ್ನ ಒಪ್ಪಲಾರೆ. ಕಿಟಕಿ ಬೆಳಕಿನ ರೂಪ ಚಾವಣಿ ಫ್ಲ್ಯಾಶಿಗೆ ಬರೋದಿಲ್ಲ. ಆದರೆ ಎಫ್/1.8ರಲ್ಲಿ ತೀರಾ ಹತ್ತಿರ ಹೋದಾಗ ಒಂದು ಕಣ್ಣು ಚೂಪು, ಇನ್ನೊಂದು ಕಣ್ಣು ಮಬ್ಬು ಬರೋದೂ ನಿಜ. ಮಕ್ಕಳಿಗೆ ಎಫ್/2.8 ಇಟ್ಟುಕೊಳ್ಳಿ, ಆಗಲೂ ಕಿಟ್ ಲೆನ್ಸಿನ ಎಫ್/5.6ಕ್ಕಿಂತ ನಾಲ್ಕು ಪಟ್ಟು ಬೆಳಕು.

ಗುಬ್ಬಿಗೂಡು

ಸರಿ, ನನ್ನ ತೀರ್ಮಾನ: ಡಿ5600 ಮತ್ತು ಎಎಫ್-ಪಿ 18-55 ವಿಆರ್, ಆಮೇಲೆ 35 ಎಫ್/1.8ಜಿ. ಹಕ್ಕಿಗೆ 70-300 ವಿಆರ್ ಮುಂದೆ ನೋಡೋಣ. ಡಬ್ಬಿ ಬಿಚ್ಚಿದ ಮೇಲೆ ಮೊದಲು ಏನೇನು ಹೊಂದಿಸಿಕೊಳ್ಳಬೇಕು? ಕಾರ್ಡು ಯಾವುದು?

ಮಸೂರ

ಕಾರ್ಡು: 64 ಜಿಬಿ, ಯುಎಚ್‌ಎಸ್-1, ವಿ30 ಗುರುತಿರುವುದು. ಯುಎಚ್‌ಎಸ್-2 ಹಾಕಿದರೂ ಈ ಬಾಡಿಗಳು ಆ ವೇಗ ಬಳಸುವುದಿಲ್ಲ. ಒಂದು ದೊಡ್ಡದರ ಬದಲು ಎರಡು ಇರಲಿ. ಫಾರ್ಮ್ಯಾಟ್ ಕ್ಯಾಮೆರಾದಲ್ಲೇ ಮಾಡಿ, ಕಂಪ್ಯೂಟರಿನಲ್ಲಿ ಅಲ್ಲ.

ಹೊಂದಿಕೆಗೆ ಮೊದಲು ವ್ಯೂಫೈಂಡರ್ ಪಕ್ಕದ ಡಯಾಪ್ಟರ್ (ನಿಮ್ಮ ಕಣ್ಣಿಗೆ ಹೊಂದಿಸುವ ಗುಂಡಿ). ಚಿತ್ರ ನೋಡಬೇಡಿ, ಕೆಳಗಿನ ಅಂಕಿಗಳು ಚೂಪಾಗುವವರೆಗೆ ತಿರುಗಿಸಿ. ಇದನ್ನು ಬಿಟ್ಟು ಲೆನ್ಸ್ ಸರಿಯಿಲ್ಲ ಅಂತ ವಾಪಸ್ ಮಾಡಿದವರಿದ್ದಾರೆ.

ಕಿಟ್ ಲೆನ್ಸ್ ಪಕ್ಕದ ಬಟನ್ ಒತ್ತಿ ಜೂಮ್ ಉಂಗುರ ತಿರುಗಿಸಿ 18ಕ್ಕೆ ತನ್ನಿ. ಮಡಚಿದ ಸ್ಥಿತಿಯಲ್ಲಿ ಕ್ಯಾಮೆರಾ ಚಿತ್ರ ತೆಗೆಯೋದಿಲ್ಲ, ಉಂಗುರ ತಿರುಗಿಸಿ ಅಂತ ಸಂದೇಶ ತೋರಿಸುತ್ತೆ.

ಮೋಡ್ 'ಎ' (ಅಪರ್ಚರ್ ನೀವು ಇಡುವುದು, ಶಟರ್ ಕ್ಯಾಮೆರಾ ನೋಡಿಕೊಳ್ಳುವುದು). ಆಟೊ ಐಎಸ್‌ಒ ಆನ್, ಗರಿಷ್ಠ 6400, ಕನಿಷ್ಠ ಶಟರ್ 1/250 ಮಕ್ಕಳಿಗೆ, 1/60 ಬೇರೆಯದಕ್ಕೆ. ಫೋಕಸ್ ಪ್ರದೇಶ ಆಟೊ ಇಟ್ಟರೆ ಎಲ್ಲಕ್ಕಿಂತ ಹತ್ತಿರದ್ದನ್ನೇ ಹಿಡಿಯುವುದು ಅದರ ಚಾಳಿ, ಮುಖ ಬಿಟ್ಟು ಮುಂದಿನ ಕುರ್ಚಿಗೆ ಕೂರುತ್ತೆ. ನಿಂತದ್ದಕ್ಕೆ ಒಂದೇ ಬಿಂದು, ಎಎಫ್-ಎಸ್ ಫೋಕಸ್ ಮೋಡ್ (ಒಮ್ಮೆ ಕೂತು ನಿಲ್ಲುವುದು; ಲೆನ್ಸಿನ ಹೆಸರಿನ ಎಎಫ್-ಎಸ್ ಬೇರೆ). ಓಡುವುದಕ್ಕೆ ಎಎಫ್-ಸಿ (ಬಿಡದೆ ಬೆನ್ನು ಹತ್ತುವುದು), 9 ಬಿಂದುವಿನ ಡೈನಮಿಕ್. ಚಿತ್ರ ರಾ ಜೊತೆ ಜೆಪೆಗ್. ರಾ ಫೈಲೊಂದು 25 ಎಂಬಿ ಆಸುಪಾಸು.

ದೃಶ್ಯಕ್ಕೆ ಎಫ್/8. ಅಲ್ಲೇ 18-55ರ ಮೂಲೆಗಳು ಚೂಪು. ಎಫ್/16 ದಾಟಿದರೆ ಡಿಫ್ರ್ಯಾಕ್ಷನ್‌ನಿಂದ (ಕಿರಿದಾದ ಕಿಂಡಿಯಲ್ಲಿ ಬೆಳಕು ಚದುರುವುದು) ಇಡೀ ಚಿತ್ರ ಮೆತ್ತಗಾಗುತ್ತೆ, ಎಲ್ಲ ಚೂಪಾಗಲಿ ಅಂತ ಎಫ್/22 ಇಡುವವರಿಗೆ ಉಲ್ಟಾ ಹೊಡೆಯುತ್ತೆ. 18ರಲ್ಲಿ ಕಟ್ಟಡದ ಗೆರೆ ಹೊರಕ್ಕೆ ಉಬ್ಬಿದಂತೆ ಕಂಡರೆ ಮೆನುವಿನಲ್ಲಿ ಡಿಸ್ಟಾರ್ಷನ್ ಕಂಟ್ರೋಲ್ ಆನ್ ಮಾಡಿ. ಟ್ರೈಪಾಡ್ ಮೇಲೆ ಉದ್ದದ ಎಕ್ಸ್‌ಪೋಷರ್ ಕೊಡುವಾಗ ವಿಆರ್ ಆಫ್.

ತ್ರಿಪಾದಿ

ಇಡುವುದು ಚೀಲದಲ್ಲಿ ಅಲ್ಲ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ಒಂದು ಚಿಕ್ಕ ತೇವಮಾಪಕ. ಮುಳ್ಳು 40ರಿಂದ 50 ನಡುವೆ ಇರಲಿ. 60 ದಾಟಿ ಹಾಗೇ ಉಳಿದರೆ ಫಂಗಸ್ಸಿಗೆ ದಾರಿ, 30ಕ್ಕಿಂತ ಇಳಿದರೆ ರಬ್ಬರ್ ಒಣಗುತ್ತೆ. ಬಣ್ಣ ಬದಲಾದ ಜೆಲ್ ಒವನ್‌ನಲ್ಲಿ ಒಣಗಿಸಿ ಮತ್ತೆ ಬಳಸಬಹುದು.

ಸೆನ್ಸರ್ ಧೂಳಿಗೆ ಕೈಯಿಂದ ಒತ್ತುವ ರಬ್ಬರ್ ಬ್ಲೋವರ್ ಮಾತ್ರ. ಮಿರರ್ ಲಾಕ್-ಅಪ್ ಮೆನುವಿನಿಂದ ಕನ್ನಡಿ ಎತ್ತಿ, ಬಾಯಿ ಕೆಳಮುಖ ಮಾಡಿ, ಬ್ಲೋವರಿನ ಮೂತಿ ಒಳಗೆ ತೂರಿಸದೆ ಊದಿ. ಬ್ಯಾಟರಿ ತುಂಬಿರಲಿ, ನಡುವೆ ಸತ್ತರೆ ಕನ್ನಡಿ ಕೆಳಗೆ ಬೀಳುತ್ತೆ. ಡಬ್ಬಿಯ ಒತ್ತಡದ ಗಾಳಿ ಬೇಡ, ಅದರ ದ್ರವ ಸಿಡಿದು ಸೆನ್ಸರ್ ಮೇಲೆ ಕಲೆ ಕೂರುತ್ತೆ.

ಗುಬ್ಬಿಗೂಡು

ಕೊನೆಯದು: ಯುವಿ ಫಿಲ್ಟರ್ ಹಾಕಲೇಬೇಕಂತೆ, ಹೌದಾ?

ಎಫ್_ಎಂಟು

ಬೇಡ. ಸೆನ್ಸರ್ ಮುಂದಿನ ಗಾಜೇ ಯುವಿಯನ್ನು ತಡೆಯುತ್ತೆ. ಅಗ್ಗದ ಫಿಲ್ಟರ್ ಹಾಕಿದರೆ ರಾತ್ರಿ ಬೀದಿದೀಪದ ಚಿತ್ರದಲ್ಲಿ ದೀಪಕ್ಕೆ ಎದುರು ಮೂಲೆಯಲ್ಲಿ ಅದರದೇ ಹಸಿರು ಪ್ರತಿಬಿಂಬ ಬರುತ್ತೆ. ಆ ದುಡ್ಡಿಗೆ ಹುಡ್ (ಲೆನ್ಸಿನ ಮುಂದೆ ಕೂರುವ ನೆರಳಿನ ಬಳೆ) ತಗೊಳ್ಳಿ. ಎಎಫ್-ಪಿ 18-55ಕ್ಕೆ ಎಚ್‌ಬಿ-ಎನ್106, ಲೆನ್ಸಿನ ಮುಂಭಾಗದ ಬಯೊನೆಟ್ ಕಚ್ಚಿಗೆ ಕೂರುವಂಥದ್ದು, ಕಿಟ್ ಡಬ್ಬಿಯಲ್ಲಿ ಇರೋದಿಲ್ಲ. ಪಕ್ಕದ ಬಿಸಿಲನ್ನೂ ತಡೆಯುತ್ತೆ, ಲೆನ್ಸ್ ಎಲ್ಲಾದರೂ ತಗುಲಿದರೆ ಮೊದಲ ಪೆಟ್ಟನ್ನೂ ಅದೇ ತಿನ್ನುತ್ತೆ.